ರೋಗಿ ಬಯಸಿದ್ದು ಹಾಲು ಅನ್ನ

ದೆಹಲಿಗೆ ಬಂದ ಕನ್ನಡಿಗನಿಗೆ ಒಳ್ಳೆಯ ಕಾಫಿಪುಡಿಗೆ ಬರ ಬರಬಹುದು, ರಜೆಗೆ ಊರಿಗೆ ಹೋಗುವ ರೈಲಿನ ಟಿಕೇಟಿಗೆ ಬರ ಬರಬಹುದು. ಸಲಹೆಗೆ ಮಾತ್ರ ಎಂದೂ ಬರವಿಲ್ಲ. ಅದರಲ್ಲೂ ಮನೆಯ ಮಗುವಿಗೆ ಏನೋ ತೊಂದರೆಯೆಂದು ತಿಳಿದರೆ ಸಾಕು, ದೇವಸ್ಥಾನದ ಅಂಗಳದಲ್ಲಿ, ಸಬ್ಜಿ ಮಂಡಿಯಲ್ಲಿ, ಆಫೀಸಿಗೆ ಹೋಗುವ ಬಸ್ಸಿನಲ್ಲಿ ವೈದ್ಯರು ಹುಟ್ಟಿಕೊಳ್ಳುತ್ತಾರೆ. ಇದನ್ನು ನಾವು ದೂರಾಗಿ ಹೇಳುತ್ತಿಲ್ಲ. ಸಲಹೆ ಕೊಟ್ಟವರೆಲ್ಲ ಪ್ರೀತಿಯಿಂದಲೇ ಕೊಟ್ಟರು. ಆದರೆ ಪ್ರೀತಿಯ ಸಲಹೆಯನ್ನೂ ಒರೆಗೆ ಹಚ್ಚಿ ನೋಡಬೇಕೆಂದು ನಾವು ಕಲಿತದ್ದು ತಡವಾಗಿ. ಕಲಿಸಿದವರು ಅರಕಲಗೂಡಿನಿಂದ ಬಂದು ನಮ್ಮೊಡನಿದ್ದ ನಮ್ಮ ಮನೆಯ ಅಜ್ಜಿ.

2009ರ ಮಾತು. ಆಗ ನಾವು ಸರೋಜಿನಿ ನಗರದ ಹಳೆಯ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ಮಗನಿಗೆ ಮೂರು ತುಂಬಿತ್ತು. ಮಾತಿಲ್ಲ, ಕರೆದರೆ ತಿರುಗಿ ನೋಡುವುದಿಲ್ಲ, ಕುಕ್ಕರಿನ ಸೀಟಿ ಕೇಳಿದರೆ ಎರಡು ಕಿವಿಗೂ ಕೈ, ದಿನವೆಲ್ಲ ಸ್ಟೀಲಿನ ತಟ್ಟೆ ತಿರುಗಿಸಿಕೊಂಡು ಕೂರುವುದು. ರಿಂಗ್ ರೋಡಿನಾಚೆಯ ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷಿಸಿದ ಡಾಕ್ಟರು, “ಇದು ಆಟಿಸಂ. ಇದನ್ನು ವಾಸಿ ಮಾಡುವ ಔಷಧಿಯಿಲ್ಲ, ತರಬೇತಿ ಇದೆ. ಇಂದಿನಿಂದಲೇ ಶುರು ಮಾಡಿ” ಎಂದರು. ನಮ್ಮ ಕಿವಿಗೆ ಬಿದ್ದದ್ದು ಮೊದಲಿನ ಅರ್ಧ ಮಾತ್ರ.

ಊರಿನ ಬಂಧುಗಳ ತೀರ್ಪು ಬೇರೆ. “ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಮಗು ಗಲಿಬಿಲಿಯಾಗಿದೆ. ಕನ್ನಡ ನಿಲ್ಲಿಸಿ” ಎಂದರು ಒಬ್ಬರು. “ತಾಯಿ ಕೆಲಸಕ್ಕೆ ಹೋದರೆ ಇನ್ನೇನಾಗುತ್ತದೆ?” ಎಂದರು ಇನ್ನೊಬ್ಬರು. ಎರಡೂ ಸುಳ್ಳು. ಎರಡು ಭಾಷೆ ಕೇಳಿದ್ದರಿಂದ ಆಟಿಸಂ ಬರುವುದಿಲ್ಲ. ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆ ಎಂಬ ವಾದವನ್ನು ಅಮೆರಿಕದಲ್ಲಿ ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಪುಸ್ತಕವಾಗಿಯೇ ಬರೆದಿದ್ದ. ಅದು ಎಂದೋ ಬಿದ್ದುಹೋಯಿತು. ಆದರೆ ಆಗ ಇದನ್ನೆಲ್ಲ ನಮಗೆ ಹೇಳುವವರು ಯಾರು?

ಹೀಗಿರುವಾಗ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವರು ಒಬ್ಬ ವೈದ್ಯರ ವಿಳಾಸ ಕೊಟ್ಟರು. ತಿಂಗಳಿಗೊಮ್ಮೆ ದೆಹಲಿಗೆ ಬಂದು ಎರಡು ದಿನ ತಂಗುವವರು. ನಾಡಿ ಹಿಡಿದು, ಕಣ್ಣು ಮುಚ್ಚಿ, “ಆರು ತಿಂಗಳು. ಹುಡುಗ ಮಾತನಾಡುತ್ತಾನೆ” ಎಂದರು. ಔಷಧಿಯಿಲ್ಲವೆಂದ ಡಾಕ್ಟರಿಗಿಂತ ಆರು ತಿಂಗಳೆಂದ ಇವರೇ ನಮಗೆ ಆತ್ಮೀಯರಾಗಿ ಕಂಡರೆ ಆಶ್ಚರ್ಯವೇನು? 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದ ಕಥೆಯನ್ನು ಹೆಮ್ಮೆಯಿಂದ ಹೇಳಿಕೊಂಡು ಬೆಳೆದವರು ನಾವು. ಆದರೆ ಪವಾಡ ನಮ್ಮ ಮನೆಗೇ ಬೇಕಾದಾಗ ಒಂದು ಪ್ರಶ್ನೆಯನ್ನೂ ಕೇಳದೆ ಕೈಮುಗಿದು ಪೊಟ್ಟಣ ತೆಗೆದುಕೊಂಡೆವು. ತಿಂಗಳಿಗೆ 2,500 ರೂಪಾಯಿ. ಪೊಟ್ಟಣದ ಮೇಲೆ ಹೆಸರಿಲ್ಲ, ಒಳಗೇನಿದೆಯೆಂಬ ವಿವರವೂ ಇಲ್ಲ.

ಜೊತೆಗೆ ಪಥ್ಯ: ಹಾಲು, ಮೊಸರು, ತುಪ್ಪ, ಗೋಧಿ ಮುಟ್ಟಿಸಕೂಡದು. ‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ’ ಎಂಬ ಗಾದೆ ನಮ್ಮ ಪಾಲಿಗೆ ತಿರುಗುಮುರುಗಾಯಿತು. ನಮ್ಮ ಹುಡುಗ ತಿನ್ನುತ್ತಿದ್ದದ್ದೇ ನಾಲ್ಕು ಪದಾರ್ಥ. ಅವುಗಳಲ್ಲಿ ಮೊದಲನೆಯದು ಮೊಸರನ್ನ. ಬೆಳಿಗ್ಗೆ ಸಂಜೆ ಪುಡಿ ಕುಡಿಸುವುದೆಂದರೆ ಒಬ್ಬರು ಕೈ ಹಿಡಿದು ಇನ್ನೊಬ್ಬರು ಮೂಗು ಹಿಡಿಯುವ ಯುದ್ಧ. ನಮ್ಮನ್ನು ಕಂಡರೆ ಮಗು ಮಂಚದ ಕೆಳಗೆ ಸೇರತೊಡಗಿತು. ನಾಲ್ಕನೆಯ ತಿಂಗಳಿಗೆ ನಾವು ಕೈಚೆಲ್ಲಿ ಆ ಕೆಲಸವನ್ನು ಅಜ್ಜಿಗೆ ವಹಿಸಿದೆವು. ಅಲ್ಲಿಂದ ಮುಂದೆ ಗಲಾಟೆಯೇ ಇಲ್ಲ. ಅಜ್ಜಿಯ ಕೈಗುಣ ಎಂದುಕೊಂಡೆವು.

ಆರನೆಯ ತಿಂಗಳು, 2010ರ ಗಣೇಶನ ಹಬ್ಬದ ಆಸುಪಾಸಿನಲ್ಲಿ, ಒಂದು ಸಂಜೆ ಹುಡುಗ ಅಡುಗೆಮನೆಯ ಬಾಗಿಲಲ್ಲಿ ನಿಂತು “ಮೊಚು” ಎಂದ. ಮತ್ತೆ “ಮೊಚು” ಎಂದ. ನಾವಿಬ್ಬರೂ ಅತ್ತುಬಿಟ್ಟೆವು. ವೈದ್ಯರಿಗೆ ಫೋನು ಹೋಯಿತು, ಊರಿಗೆ ಫೋನು ಹೋಯಿತು. ರಾತ್ರಿ ಮಲಗಿದ ಮೇಲೆ ಹೊಳೆಯಿತು: ಮೊಚು ಎಂದರೆ ಮೊಸರು. ಆರು ತಿಂಗಳಿಂದ ಮೊಸರಿನ ಮಾತೇ ಇಲ್ಲದ ಮನೆಯಲ್ಲಿ ಮಗುವಿಗೆ ಈ ಶಬ್ದ ಕಲಿಸಿದವರು ಯಾರು?

ಮಾರನೆಯ ದಿನ ಅಜ್ಜಿ ಒಪ್ಪಿಕೊಂಡರು. “ಬೈಬೇಡಿ ಕಣ್ರಪ್ಪಾ. ಆ ಪುಡಿ ಕೊಟ್ಟು ಎರಡು ತಿಂಗಳಾಯ್ತು. ಕುಡಿಸಿದರೆ ಮಗು ಕಕ್ಕೋದು. ತುಳಸಿ ಕುಂಡಕ್ಕೆ ಹಾಕ್ತಿದ್ದೆ. ನೀವು ಆಫೀಸಿಗೆ ಹೋದಮೇಲೆ ಒಂದು ಹಿಡಿ ಮೊಸರನ್ನ ಕಲಸಿಕೊಡ್ತಿದ್ದೆ. ತುತ್ತು ಕೈಯಲ್ಲಿ ಹಿಡಿದು ‘ಮೊಸರು’ ಅಂತ ಹೇಳಿ, ಅವನು ನನ್ನ ಮುಖ ನೋಡೋ ತನಕ ಕಾಯ್ತಿದ್ದೆ. ಅಷ್ಟೇ.”

ಪುಡಿ ನಿಂತ ಮೇಲೆ ಮಾತು ಬಂದಿತ್ತು! ಅದರ ಕೀರ್ತಿಯನ್ನು ನಾವು ಪುಡಿಗೆ ಕೊಟ್ಟಿದ್ದೆವು. ವೈದ್ಯರಿಗೆ ನಿಜ ಹೇಳಿದರೆ, “ಮೊದಲ ನಾಲ್ಕು ತಿಂಗಳಿನ ಗುಣ ಅದು. ಪಥ್ಯ ಕೆಡಿಸದಿದ್ದರೆ ಪೂರ್ತಿ ವಾಸಿಯಾಗುತ್ತಿತ್ತು” ಎಂದರು. ಗೆದ್ದರೆ ಪುಡಿಯ ಮಹಿಮೆ, ಸೋತರೆ ತಾಯಿತಂದೆಯ ತಪ್ಪು. ಸೋಲೇ ಇಲ್ಲದ ಔಷಧಿಯನ್ನು ಪರೀಕ್ಷಿಸುವುದು ಹೇಗೆ? ಇಷ್ಟಾದರೂ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಇನ್ನೂ ಎರಡು ತಿಂಗಳ ಪುಡಿ ಕೊಂಡೆವು.

ಅಜ್ಜಿ ತಿಳಿಯದೆ ಮಾಡಿದ ಪ್ರಯೋಗವನ್ನು ವಿಜ್ಞಾನಿಗಳು ತಿಳಿದೇ ಮಾಡಿದ್ದಾರೆ. 1998ರ ಸುಮಾರಿಗೆ ಅಮೆರಿಕದಲ್ಲಿ ಸೆಕ್ರೆಟಿನ್ ಎಂಬ ಜೀರ್ಣಾಂಗದ ಹಾರ್ಮೋನಿನ ಚುಚ್ಚುಮದ್ದಿನಿಂದ ಆಟಿಸಂ ಇರುವ ಮಕ್ಕಳಿಗೆ ಮಾತು ಬರುತ್ತದೆಂಬ ಸುದ್ದಿ ಹಬ್ಬಿ, ತಾಯಿತಂದೆಯರು ಮುಗಿಬಿದ್ದರು. 1999ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 60 ಮಕ್ಕಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಸೆಕ್ರೆಟಿನ್, ಇನ್ನೊಂದಕ್ಕೆ ಬರಿಯ ಉಪ್ಪುನೀರು ಚುಚ್ಚಿದರು. ಯಾರಿಗೆ ಯಾವುದೆಂದು ಮನೆಯವರಿಗೆ ಹೇಳಲಿಲ್ಲ. ನಾಲ್ಕು ವಾರಗಳ ಮೇಲೆ ನೋಡಿದರೆ ಎರಡು ಪಾಲಿನಲ್ಲಿಯೂ ಒಂದಷ್ಟು ಮಕ್ಕಳು ಸುಧಾರಿಸಿದ್ದರು. ಔಷಧಿಗೂ ಉಪ್ಪುನೀರಿಗೂ ವ್ಯತ್ಯಾಸವಿರಲಿಲ್ಲ. ಫಲಿತಾಂಶ ತಿಳಿಸಿದ ಮೇಲೂ ನೂರಕ್ಕೆ 69 ಮಂದಿ ತಾಯಿತಂದೆಯರು ಸೆಕ್ರೆಟಿನ್‌ನಲ್ಲಿ ಆಸಕ್ತಿ ಬಿಡಲಿಲ್ಲ. ಓದಿ ನಾವು ನಗಲಿಲ್ಲ. ನಾವೂ ಆ 69ರಲ್ಲಿ ಸೇರಿದವರೇ.

ಆಟಿಸಂ ಇರುವ ಮಗುವೂ ಬೆಳೆಯುತ್ತದೆ ಎಂಬ ಸರಳ ಸತ್ಯ ನಮಗೆ ಮರೆತಿತ್ತು. ಆ ಬೆಳವಣಿಗೆ ಒಂದೇ ವೇಗದಲ್ಲಿಲ್ಲ. ತಿಂಗಳುಗಟ್ಟಲೆ ನಿಂತು, ಒಂದು ದಿನ ಇದ್ದಕ್ಕಿದ್ದಂತೆ ಮುಂದಕ್ಕೆ ಹೋಗುತ್ತದೆ. ಆ ದಿನ ಯಾವ ಔಷಧಿ ನಡೆಯುತ್ತಿರುತ್ತದೋ ಅದಕ್ಕೆ ಹಾರ.

ಹಾಗೆಂದು ನಾವು ಆಯುರ್ವೇದದ ವೈರಿಗಳಲ್ಲ; ಕೆಮ್ಮಿಗೆ ಇಂದಿಗೂ ಮನೆಯಲ್ಲಿ ಕಷಾಯ ಕುದಿಯುತ್ತದೆ. ಆದರೆ ‘ಗುಣವಾಗದಿದ್ದರೂ ಕೆಡುಕೇನು?’ ಎಂಬ ಮಾತನ್ನು ಒಪ್ಪಲಾರೆವು. ಇಂಟರ್ನೆಟ್ಟಿನಲ್ಲಿ ಮಾರುವ 193 ಆಯುರ್ವೇದ ಔಷಧಿಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದಾಗ, ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಮೈಯಿಂದ ಲೋಹ ತೆಗೆಯುತ್ತೇವೆಂಬ ಕೀಲೇಷನ್ ಚಿಕಿತ್ಸೆಯಲ್ಲಿ 2005ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ ಐದು ವರ್ಷದ ಬಾಲಕನೊಬ್ಬ ಸತ್ತ. ಕೋಟು ತೊಟ್ಟವರೂ ಹಿಂದೆ ಬಿದ್ದಿಲ್ಲ: ಲಕ್ಷಗಟ್ಟಲೆ ಸುರಿಸಿಕೊಂಡು ಸ್ಟೆಮ್ ಸೆಲ್ ಚುಚ್ಚುವವರಿದ್ದಾರೆ. ಆಟಿಸಂಗೆ ಇದನ್ನು ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿಯೇ ಹೇಳಿದೆ. ಇದಾವುದೂ ಆಗದಿದ್ದರೂ, ಕಲಿಕೆಗೆ ಅತ್ಯಮೂಲ್ಯವಾದ ಎಳೆಯ ವಯಸ್ಸಿನ ಎಂಟು ತಿಂಗಳನ್ನು ನಾವು ಪೊಟ್ಟಣಕ್ಕೆ ತೆತ್ತೆವು. ಅವು ತಿರುಗಿ ಬರುವುದಿಲ್ಲ.

ಡಾಕ್ಟರು ಹೇಳಿದ ಉಳಿದರ್ಧ ಆಮೇಲೆ ಕಿವಿಗೆ ಬಿತ್ತು. 1991ರಿಂದ ದೆಹಲಿಯಲ್ಲಿರುವ ಆಕ್ಷನ್ ಫಾರ್ ಆಟಿಸಂ ಸಂಸ್ಥೆ ಜಸೋಲಾದಲ್ಲಿದೆ. ಮಕ್ಕಳಿಗಷ್ಟೇ ಅಲ್ಲ, ತಾಯಿತಂದೆಯರಿಗೂ ಅಲ್ಲಿ ಪಾಠವುಂಟು. ಆಟಿಸಂ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿಯೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿಯೂ ಇದೆ. ಪ್ರಮಾಣಪತ್ರ ಮಾಡಿಸಿಕೊಳ್ಳಲು ನಾಚಬೇಡಿ. ಇಂತಹ ಮಗುವನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರಿ ನೌಕರರಿಗೆ ವಾಡಿಕೆಯ ವರ್ಗಾವಣೆಯಿಂದ ವಿನಾಯಿತಿ ಕೊಡುವ ಆದೇಶ 2014ರಲ್ಲಿ ಬಂದಿದೆ.

ಹುಡುಗ ಈಗ ಕಾಲೇಜಿನ ವಯಸ್ಸಿನವನು. ವಾಸಿಯಾಯಿತೇ ಎಂದು ಕೇಳಿದರೆ, ಇಲ್ಲ. ಅವನು ರೋಗಿಯೇ ಅಲ್ಲವಲ್ಲ. ಮಾತು ಕಡಮೆ, ಆಡುವುದೆಲ್ಲ ಕನ್ನಡ. ಬಟ್ಟೆ ಮಡಿಸುತ್ತಾನೆ, ಬಟಾಣಿ ಸುಲಿಯುತ್ತಾನೆ, ಅಜ್ಜಿಯ ಫೋಟೋದ ಮುಂದೆ ಪ್ರತಿದಿನ ಒಂದು ನಿಮಿಷ ನಿಲ್ಲುತ್ತಾನೆ. ಮೊಸರನ್ನ ತಾನೇ ಕಲಸಿಕೊಳ್ಳುತ್ತಾನೆ.

ಸಂಘದ ಬಂಧುಗಳಲ್ಲಿ ಒಂದೇ ಬಿನ್ನಹ. ಮುಂದಿನ ರಾಜ್ಯೋತ್ಸವದಲ್ಲಿ ಯಾವುದಾದರೂ ಮಗು ಮೈಕಿನ ಸದ್ದಿಗೆ ಕಿವಿ ಮುಚ್ಚಿಕೊಂಡು ಕಿರುಚಿದರೆ, ತಾಯಿಯ ಕೈಗೆ ಹೊಸ ವಿಳಾಸ ಕೊಡಬೇಡಿ. ಮೈಕಿನ ದನಿ ಸ್ವಲ್ಪ ತಗ್ಗಿಸಲು ಹೇಳಿ, ಬಾಗಿಲ ಹತ್ತಿರ ಒಂದು ಕುರ್ಚಿ ಬಿಟ್ಟುಕೊಡಿ. ಅಷ್ಟು ಸಾಕು.