ಪರಸ್ಥಳದ ಕಿರಾಯಿ

ಪರಸ್ಥಳಕ್ಕೆ ಹೋದ ಮನುಷ್ಯನು ತಾನು ಹೊರಗಿನವನೆಂಬುದನ್ನು ಉಡಿಗೆಯಿಂದ ಮರೆಸಬಹುದು. ಒಂದೆರಡು ಮಾತು ಕಲಿತು ನಾಲಗೆಯಿಂದಲೂ ಕೊಂಚ ಮರೆಸಬಹುದು. ಆದರೆ ಗಾಡಿಯವನ ಮುಂದೆ ನಿಂತು "ಕಿರಾಯಿ ಎಷ್ಟು?" ಎಂದು ಕೇಳಿದ ಕ್ಷಣದಲ್ಲಿಯೇ ಅವನ ಗುಟ್ಟು ಬಯಲಾಗುವದು. ಏಕೆಂದರೆ ಊರವರು ಎಂದೂ ಹಾಗೆ ಕೇಳುವದಿಲ್ಲ. ಜೇವರ್ಗಿಯ ಬಸ್ ನಿಲ್ದಾಣದ ಹೊರಗೆ ಟಂಟಂ ಹತ್ತುವ ರೈತನು ಕಿರಾಯಿಯ ಮಾತೆತ್ತಿದ್ದನ್ನು ನಾನು ಕಂಡಿಲ್ಲ. ತನ್ನ ಹಳ್ಳಿ ಬಂದೊಡನೆ ಇಳಿದು, ಕಿಸೆಯಲ್ಲಿ ಮೊದಲೇ ಎಣಿಸಿಟ್ಟ ದುಡ್ಡನ್ನು ಕೈಗೆ ಹಾಕಿ, ಹಿಂದಿರುಗಿ ನೋಡದೆ ನಡೆದುಬಿಡುವನು. ಆ ದರವನ್ನು ಯಾರು ಗೊತ್ತು ಮಾಡಿದರು, ಎಂದು ಏರಿಸಿದರು ಎಂಬುದು ಯಾವ ಫಲಕದ ಮೇಲೆಯೂ ಇರುವದಿಲ್ಲ. ಊರೆಂಬುದಕ್ಕೆ ನಾನು ಒಂದು ಲಕ್ಷಣವನ್ನು ಹೇಳಬೇಕಾದರೆ ಇದನ್ನೇ ಹೇಳೇನು: ಎಲ್ಲಿ ಕಿರಾಯಿಯನ್ನು ಕೇಳಬೇಕಾಗಿಲ್ಲವೋ ಅದು ನಮ್ಮ ಊರು.

ಈ ಕೇಳುವ ಕಷ್ಟವನ್ನು ನಮ್ಮ ಕಾಲದಲ್ಲಿ ಕೈಯೊಳಗಿನ ಫೋನು ಬಹುಮಟ್ಟಿಗೆ ಪರಿಹರಿಸಿತು. ಓಲಾ ಎಂಬ ಸಂಸ್ಥೆಯು 2010ರಲ್ಲಿ ಹುಟ್ಟಿತು; ಅಮೇರಿಕೆಯ ಉಬರ್ 2013ರಲ್ಲಿ ಬೆಂಗಳೂರಿನಿಂದ ನಮ್ಮ ದೇಶವನ್ನು ಪ್ರವೇಶಿಸಿತು. ನಾವು ನಿಂತ ಸ್ಥಳವನ್ನು ಆಕಾಶದ ಉಪಗ್ರಹಗಳು ಗುರುತಿಸುವವು. ಹೋಗಬೇಕಾದ ಸ್ಥಳವನ್ನು ನಾವು ತಿಳಿಸುವೆವು. ದೂರ, ತಗಲುವ ವೇಳೆ, ಆ ಹೊತ್ತಿನ ಬೇಡಿಕೆ ಇವುಗಳನ್ನು ಲೆಕ್ಕ ಹಾಕಿ ಒಂದು ಅಂಕಿಯು ಕಣ್ಣ ಮುಂದೆ ಬರುವದು. ಗಾಡಿಯ ನಂಬರು, ಚಾಲಕನ ಹೆಸರು, ಅವನು ಎಷ್ಟು ಹತ್ತಿರದಲ್ಲಿರುವನೆಂಬುದು, ಎಲ್ಲವೂ ಮೊದಲೇ ಗೊತ್ತು. ಮಾತಿಲ್ಲ, ಚೌಕಾಶಿಯಿಲ್ಲ. ಚೌಕಾಶಿಯಲ್ಲಿ ರಸವುಂಟೆಂದು ವಾದಿಸುವ ಸ್ನೇಹಿತರು ನನಗಿದ್ದಾರೆ. ಅವರು ಎರಡು ಪೆಟ್ಟಿಗೆ ಹೊತ್ತು ರಾತ್ರಿ ಹನ್ನೊಂದಕ್ಕೆ ಅರಿಯದ ಊರಿನಲ್ಲಿ ಇಳಿದವರಲ್ಲವೆಂದು ನನ್ನ ತರ್ಕ.

ಹೋದ ಚಳಿಗಾಲದಲ್ಲಿ ಸಮುದ್ರವನ್ನು ನೋಡಬೇಕೆಂಬ ಅವ್ವನ ಬಹುದಿನದ ಆಸೆಗಾಗಿ ಗೋವೆಗೆ ಹೋದೆವು. ಭೀಮೆಯ ದಂಡೆಯಲ್ಲಿ ಹುಟ್ಟಿ ಅಲ್ಲಿಯೇ ಎಪ್ಪತ್ತು ದಾಟಿದ ಅವಳಿಗೆ, ಕಟ್ಟಿಸಂಗಾವಿಯ ಸೇತುವೆಯ ಮೇಲಿಂದ ಕಾಣುವ ಪ್ರವಾಹಕ್ಕಿಂತ ದೊಡ್ಡ ನೀರು ಗೊತ್ತಿರಲಿಲ್ಲ. ಗೋವೆಯ ಸರಕಾರಿ ಬಸ್ಸುಗಳ ಮೇಲೆ ಕದಂಬರ ಹೆಸರನ್ನು ಓದಿ ಹೇಳಿದಾಗ ಅವಳಿಗೆ ಅರ್ಧ ಧೈರ್ಯ ಬಂದಿತು. ಆದರೆ ಆ ಬಸ್ಸಿನಲ್ಲಿ ಅವಳೂ ಟಿಕೀಟು ತೆಗೆಯಬೇಕಾದದ್ದು ಅವಳಿಗೆ ಸರಿದೋರಲಿಲ್ಲ. 2023ರ ಜೂನ್ 11ರಿಂದ ನಮ್ಮ ಸೀಮೆಯ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಕಿರಾಯಿಯ ಪ್ರಶ್ನೆಯೇ ಅಳಿದುಹೋಗಿದೆಯಷ್ಟೆ!

ಗೋವೆಯ ವ್ಯವಸ್ಥೆಯೇ ಬೇರೆ. ಅಲ್ಲಿ ಬಾಡಿಗೆಯ ಮೋಟಾರುಸೈಕಲ್ಲುಗಳು ಬಹುಕಾಲದಿಂದ ಪರವಾನಗಿ ಪಡೆದು ಓಡುವವು. ಅವುಗಳ ಸವಾರರನ್ನು 'ಪೈಲಟ್' ಎಂದು ಕರೆಯುವರು. ಮೊಣಕಾಲು ನೋವಿನ ಮುದುಕಿಗೆ ಅದು ನಿರುಪಯೋಗಿ. ಓಲಾ, ಉಬರ್‌ಗಳಿಗೆ ಅಲ್ಲಿಯ ಟ್ಯಾಕ್ಸಿಯವರು ನೆಲೆಗೊಡಲಿಲ್ಲ. ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಆಶ್ರಯದಲ್ಲಿ 2018ರಲ್ಲಿ 'ಗೋವಾಮೈಲ್ಸ್' ಎಂಬ ಆ್ಯಪ್ ಆರಂಭವಾದಾಗಲೂ ಮುಷ್ಕರಗಳಾದವು. ಇಂಥ ಸಂಸ್ಥೆಗಳಿಗಾಗಿ 2025ರ ಮೇ ತಿಂಗಳಲ್ಲಿ ಸರಕಾರವು ಕರಡು ನಿಯಮಗಳನ್ನು ಹೊರಡಿಸಿದಾಗ ಮತ್ತೆ ಅದೇ ವಿರೋಧ.

ಈ ಜಗಳವು ನಮಗೆ ತಟ್ಟಿದ್ದು ಒಂದು ಸಾಯಂಕಾಲ. ಸಮುದ್ರತೀರದ ಓಣಿಯೊಂದರಲ್ಲಿದ್ದ ಟ್ಯಾಕ್ಸಿ ಅಡ್ಡೆಯವನು ಕೇಳಿದ ಹಣ ನನಗೆ ಹೆಚ್ಚೆನಿಸಿತು. ಫೋನು ಅದರ ಅರ್ಧಕ್ಕಿಂತ ತುಸು ಮೇಲಾದ ಅಂಕಿಯನ್ನು ತೋರಿಸಿತು. ಒಪ್ಪಿದೆನು. ಕೂಡಲೆ ಚಾಲಕನ ಕರೆ ಬಂದಿತು: ತಾನು ಓಣಿಯೊಳಗೆ ಬರಲಾರೆ, ಅಡ್ಡೆಯವರು ತಡೆಯುತ್ತಾರೆ, ದಯಮಾಡಿ ಹೆದ್ದಾರಿಯವರೆಗೆ ನಡೆದು ಬನ್ನಿರಿ. ಅವ್ವನು ಮೂರು ಫರ್ಲಾಂಗು ದೂರವನ್ನು ನನ್ನ ತೋಳು ಹಿಡಿದು, ಎರಡು ಕಡೆ ಕಟ್ಟೆಯ ಮೇಲೆ ಕುಳಿತು, ಅರ್ಧ ತಾಸಿನಲ್ಲಿ ನಡೆದಳು. ಅಡ್ಡೆಯವರು ಬೆನ್ನಿಗೆ ಏನೇನೋ ಅಂದರು; ಕೊಂಕಣಿಯಾದದ್ದರಿಂದ ಅರ್ಥವಾಗದೆ ಉಳಿದದ್ದು ಒಳಿತೇ ಆಯಿತು.

ಗಾಡಿಯಲ್ಲಿ ಕುಳಿತ ಮೇಲೆ ಅವ್ವ ಕೇಳಿದಳು: "ಯಪ್ಪಾ, ಯಾರನ್ನೂ ಕೇಳಲಿಲ್ಲ, ಕಿರಾಯಿ ಹ್ಯಾಂಗ ತಿಳೀತು?" ನಾನು ಉತ್ತರಿಸುವದರೊಳಗೆ ಮುಂದಿನಿಂದ ಕನ್ನಡ ಕೇಳಿಬಂದಿತು: "ಫೋನಿನಾಗ ಬರ್ತದವ್ವಾ. ಹಗೂರಕ ಕೂಡ್ರಿ." ವಿಚಾರಿಸಲಾಗಿ, ಅವನ ತಂದೆ ಜೇವರ್ಗಿ ತಾಲೂಕಿನವನು, ಕಟ್ಟಡದ ಕೆಲಸಕ್ಕೆ ಬಂದು ಅಲ್ಲಿಯೇ ನಿಂತವನು, ಮಗನು ಹುಟ್ಟಿದ್ದೂ ಬೆಳೆದದ್ದೂ ಗೋವೆಯಲ್ಲಿಯೇ. ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಕಥೆ ಇದು. ಅವ್ವನ ಕಾಲುನೋವನ್ನು ಕಂಡು ಅವನು ನೊಂದುಕೊಂಡನಾದರೂ ಅಡ್ಡೆಯವರನ್ನು ಬಯ್ಯಲಿಲ್ಲ. ಮಳೆಗಾಲದ ನಾಲ್ಕು ತಿಂಗಳು ತೀರದ ಚಪ್ಪರಗಳನ್ನು ಕೂಡ ಕಿತ್ತಿಡುವರು, ಗಿರಾಕಿ ಇಲ್ಲ. ಸಾಲದ ಕಂತು ಮಾತ್ರ ಪ್ರತಿ ತಿಂಗಳೂ ಬರುವದು. ನವಂಬರದಿಂದ ಫೆಬ್ರುವರಿಯ ವರೆಗಿನ ದುಡಿಮೆಯಲ್ಲಿ ವರ್ಷವನ್ನು ತುಂಬಿಸಬೇಕು ಎಂದನು. "ನಾ ಅಡ್ಡೇದಾಗ ಇದ್ದಿದ್ರ ನಾನೂ ಅಷ್ಟ ಕೇಳ್ತಿದ್ದೆ, ಸಾಹೇಬ್ರ. ನಮ್ಮ ಗಾಣಗಾಪುರಕ್ಕ ಬಂದ ಪುಣೇದವ್ರನ್ನ ಕೇಳಿ ನೋಡ್ರಿ."

ಈ ಕೊನೆಯ ಮಾತು ನನ್ನನ್ನು ಬಿಡಲಿಲ್ಲ. ಅದಕ್ಕೆ ಮೊದಲು ಇನ್ನೊಂದು ವಿಷಯ. ಫೋನಿನ ಅಂಕಿಯು ನಿಷ್ಪಕ್ಷಪಾತವೆಂದು ತಿಳಿಯುವದು ಭೋಳೆತನ. ಮಳೆ ಬಂದರೆ, ಜಾತ್ರೆಯಾದರೆ ಅದೂ ಏರುವದು. ಕೇಂದ್ರ ಸರಕಾರದ 2020ರ ಮಾರ್ಗಸೂಚಿಯು ಈ ಏರಿಕೆಯನ್ನು ಮೂಲ ದರದ ಒಂದೂವರೆ ಪಟ್ಟಿಗೆ ಮಿತಿಗೊಳಿಸಿತ್ತು. 2025ರ ಜುಲೈಯಲ್ಲಿ ಅದು ಎರಡು ಪಟ್ಟಾಯಿತು. ಸ್ವಂತ ಗಾಡಿಯ ಚಾಲಕನಿಗೆ ಕಿರಾಯಿಯ ನೂರಕ್ಕೆ 80 ಪಾಲಾದರೂ ಸಲ್ಲಬೇಕೆಂದೂ ಅದರಲ್ಲಿದೆ. ಇಂಥ ನಿಯಮ ಬರೆಯಬೇಕಾಯಿತೆಂಬುದೇ ಉಳಿದ ಕಥೆಯನ್ನು ಹೇಳುವದು. ಹೊರಗಿನವನು ಅಡ್ಡೆಯವನ ಕೈಯಿಂದ ಪಾರಾದನು, ನಿಜ, ಆದರೆ ಈಗ ಅವನೂ ಚಾಲಕನೂ ಕೂಡಿಯೇ, ಇಬ್ಬರೂ ಮುಖ ಕಾಣದ ಮೂರನೆಯವನೊಬ್ಬನನ್ನು "ಕಿರಾಯಿ ಎಷ್ಟು?" ಎಂದು ಕೇಳುತ್ತಿದ್ದಾರೆ. ಬೆಂಗಳೂರಿನಲ್ಲಿ 2022ರ ನವಂಬರದಲ್ಲಿ ಆರಂಭವಾದ 'ನಮ್ಮ ಯಾತ್ರಿ'ಯು ಸವಾರಿಯ ಹಣದಲ್ಲಿ ಪಾಲು ಕೇಳದೆ ಚಾಲಕನಿಂದ ಅಲ್ಪ ಶುಲ್ಕವನ್ನು ಮಾತ್ರ ಪಡೆಯುವ ಪದ್ಧತಿಯನ್ನು ತಂದದ್ದು ನನಗೆ ಮೆಚ್ಚಿಕೆಯಾದದ್ದು ಈ ಕಾರಣಕ್ಕೆ.

ಇನ್ನು ಗಾಣಗಾಪುರ. ಆಳಂದ ಸೀಮೆಯಿಂದ ಹರಿದುಬರುವ ಅಮರ್ಜೆಯು ಭೀಮೆಯನ್ನು ಕೂಡುವದು ಅಫಜಲಪುರ ತಾಲೂಕಿನ ಈ ಕ್ಷೇತ್ರದಲ್ಲಿ. ಶ್ರೀ ನೃಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆಗಳ ದರ್ಶನಕ್ಕೆ ಗುರುವಾರ, ಹುಣ್ಣಿಮೆ, ದತ್ತಜಯಂತಿಗಳಲ್ಲಿ ಮಹಾರಾಷ್ಟ್ರದಿಂದ ಜನಸಾಗರವೇ ಬರುವದು. ಮುಂಬಯಿ–ಮದ್ರಾಸ್ ಮಾರ್ಗದ ಗಾಣಗಾಪುರ ರೋಡ್ ಸ್ಟೇಶನ್ನಿನಿಂದ ಕ್ಷೇತ್ರಕ್ಕೆ ಸುಮಾರು 20 ಕಿಲೋಮೀಟರು. ಗುಡಿಯಿಂದ ಸಂಗಮಕ್ಕೆ ಮತ್ತೆ ಮೂರರಷ್ಟು. ಬಸ್ಸು ಸಿಕ್ಕರೆ ಸರಿ, ಇಲ್ಲದಿದ್ದರೆ ಟಂಟಂ. ಅಲ್ಲಿ ನಿಂತು ನಾನು ಫೋನು ತೆಗೆದು ನೋಡಿದ್ದುಂಟು. ನಕ್ಷೆಯ ಮೇಲೆ ಒಂದೂ ಗಾಡಿ ಕಾಣಿಸಲಿಲ್ಲ. ಗೋವೆಯಲ್ಲಿ ನಾವು ನಿಂತಂತೆಯೇ ಇಲ್ಲಿ ಪುಣೆ, ಸೊಲ್ಲಾಪುರದವರು ಗಂಟು ಹಿಡಿದು, ಮಕ್ಕಳನ್ನು ಹಿಡಿದು ನಿಲ್ಲುವರು. ಗೋವೆಯ ಅಡ್ಡೆಯವನಂತೆಯೇ ನಮ್ಮವನು ಅವರ ಮಾತು ಕೇಳಿದೊಡನೆ ಮನಸ್ಸಿನಲ್ಲಿ ಅಂಕಿಯನ್ನು ಬದಲಿಸುವನು. ನಮ್ಮವನಿಗೂ ಕಂತುಗಳುಂಟು, ಅಲ್ಲಿ ಮಳೆಗಾಲವಾದರೆ ಇಲ್ಲಿ ಜಾತ್ರೆಯಿಲ್ಲದ ವಾರಗಳು. ಆದಾಗ್ಯೂ ಸ್ಟೇಶನ್ನಿನ ಗೋಡೆಯ ಮೇಲೆ ಕನ್ನಡ, ಮರಾಠಿ ಎರಡರಲ್ಲಿಯೂ ದರದ ಫಲಕವೊಂದನ್ನು ತೂಗಹಾಕುವದು ಅಸಾಧ್ಯವಾದ ಕೆಲಸವೇನಲ್ಲ. ಅದಕ್ಕೆ ಉಪಗ್ರಹ ಬೇಕಿಲ್ಲ. ಬಣ್ಣ, ಕುಂಚ ಸಾಕು.

ಗೋವೆಯಿಂದ ಬಂದ ಮರುತಿಂಗಳ ಹುಣ್ಣಿಮೆಗೆ ಅವ್ವನೊಡನೆ ಅಲ್ಲಿ ಇಳಿದಾಗ ಬಸ್ಸು ಆಗಲೇ ಹೋಗಿತ್ತು. ಟಂಟಂ ಹತ್ತಿ ಕುಳಿತೆವು. ಪುಣೆಯ ಕಡೆಯ ಒಂದು ಕುಟುಂಬವು ಹತ್ತಿರ ಬಂದು, ಮುಂದಾಳಾದ ಹೆಂಗಸು ಮರಾಠಿಯಲ್ಲಿ ಚಾಲಕನನ್ನು ಎಷ್ಟೆಂದು ಕೇಳಿದಳು. ಅವನು ಬಾಯಿ ತೆರೆಯುವದರೊಳಗೆ ಅವ್ವನು ಸೆರಗಿನಿಂದ ಕೈ ಹೊರತೆಗೆದು, ನಾವು ಕೊಡುವ ದರವೆಷ್ಟೋ ಅಷ್ಟನ್ನು ಬೆರಳುಗಳಿಂದ ಎಣಿಸಿ ತೋರಿಸಿಬಿಟ್ಟಳು. "ಅವ್ವಾ, ನಿಮಗ್ಯಾಕ ಬೇಕಿತ್ತು ಇದು?" ಎಂದು ಚಾಲಕನು ಗೊಣಗಿದನು. ಅವ್ವ ಆ ಹೆಂಗಸಿನ ಕೂಸನ್ನು ತೊಡೆಯ ಮೇಲೆ ಎತ್ತಿಕೊಂಡು ಸರಿದು ಕುಳಿತಳು. ಐದು ಜನರೂ ಹತ್ತಿದರು, ಗಾಡಿ ಹೊರಟಿತು.