ಒಂದು ಸಂಖ್ಯೆಯ ಋಣ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಮೊದಲು ನೆನಪಿಗೆ ಬಂದದ್ದು ಒಂದು ಸಂಖ್ಯೆ: 12345654321. ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು.

ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ, ಶಿಕ್ಷಕ ತರಬೇತಿ ಪಡೆದು ಇಲ್ಲಿಗೆ ಬಂದವನು ನಾನು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಮೇಲೂ ಇಲ್ಲಿಯ ಅನೇಕ ಮನೆಗಳಲ್ಲಿ ಲೆಕ್ಕ ಕನ್ನಡದಲ್ಲಿಯೇ ನಡೆಯುತ್ತಿತ್ತು. ಹತ್ತಿಯ ಮೂಟೆ ಹೊರುವವರ ಮಕ್ಕಳು ಬಾಯಿಲೆಕ್ಕದಲ್ಲಿ ಬಲು ಚುರುಕು.

1979ರಲ್ಲಿ ಒಂದು ದಿನ ಏಳನೆಯ ತರಗತಿಗೆ 111111ನ್ನು ಅದರಿಂದಲೇ ಗುಣಿಸುವ ಲೆಕ್ಕ ಕೊಟ್ಟೆ. ಅಂಥ ಮನೆಯ ಹುಡುಗನೊಬ್ಬ ಕ್ಷಣದಲ್ಲಿ ಉತ್ತರವನ್ನಷ್ಟೇ ಬರೆದು ಸ್ಲೇಟು ಮುಂದಿಟ್ಟ. “ಹಂತಗಳೆಲ್ಲಿ?” ಎಂದೆ. “ಗುಣಿಸಲಿಲ್ಲ ಸಾರ್, ಎಣಿಸಿದೆ” ಎಂದ. ಉದ್ಧಟತನವೆಂದು ಭಾವಿಸಿ, ಸೊನ್ನೆ ಹಾಕಿ, ಹೊರಗೆ ನಿಲ್ಲಿಸಿದೆ.

ರಾತ್ರಿ ಮನೆಯಲ್ಲಿ ಲೆಕ್ಕವನ್ನು ಬಿಡಿಸಿ ಬರೆದೆ. ಆರು ಒಂದುಗಳ ಸಾಲು ಆರು ಸಲ. ಪ್ರತಿ ಸಾಲೂ ಒಂದೊಂದು ಸ್ಥಾನ ಎಡಕ್ಕೆ. ಬಲದಿಂದ ಕಂಬಸಾಲುಗಳನ್ನು ಎಣಿಸಿದರೆ ಒಂದು, ಎರಡು ಎನ್ನುತ್ತ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುತ್ತದೆ. ಯಾವ ಕಂಬಸಾಲೂ ಹತ್ತನ್ನು ಮುಟ್ಟದ್ದರಿಂದ ದಶಕ ಒಯ್ಯುವ ಪ್ರಸಂಗವೇ ಇಲ್ಲ. ಹುಡುಗ ನಿಜವಾಗಿಯೂ ಎಣಿಸಿದ್ದ! ಮರುದಿನ ಕಾದೆ, ಅವನು ಬರಲಿಲ್ಲ. ಅವನ ಕುಟುಂಬ ಕೂಲಿ ಅರಸಿ ಊರು ಬಿಟ್ಟಿತ್ತು.

ಅಂದಿನಿಂದ ಆ ಸಂಖ್ಯೆ ನನ್ನನ್ನು ಬಿಟ್ಟಿಲ್ಲ. ಎಡದಿಂದ ಓದಿದರೂ ಬಲದಿಂದ ಓದಿದರೂ ಅದು ಒಂದೇ. ಅಂಕಿಗಳ ಮೊತ್ತ 36. ಆದ್ದರಿಂದ 9ರಿಂದ ಭಾಗವಾಗುತ್ತದೆ. ಒಂದು ಬಿಟ್ಟೊಂದು ಅಂಕಿಗಳನ್ನು ಕೂಡಿದರೆ ಎರಡು ಕಡೆಯೂ 18. ಆದ್ದರಿಂದ 11ರಿಂದಲೂ ಭಾಗವಾಗುತ್ತದೆ. ಅದರ ವರ್ಗಮೂಲ 111111, ಅಂದರೆ 3, 7, 11, 13, 37 ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ಒಟ್ಟು ಭಾಜಕಗಳು 243. ಭಾಜಕಗಳು ಜೋಡಿಜೋಡಿಯಾಗಿ ಬರುತ್ತವೆ. ವರ್ಗಸಂಖ್ಯೆಯಲ್ಲಿ ಮಾತ್ರ ವರ್ಗಮೂಲ ಒಂಟಿಯಾಗಿ ಉಳಿಯುವುದರಿಂದ ಎಣಿಕೆ ಬೆಸವಾಗುತ್ತದೆ.

ಎಷ್ಟೋ ವರ್ಷಗಳ ಮೇಲೆ, ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ‘ಗಣಿತಸಾರಸಂಗ್ರಹ’ವನ್ನು ನಿಘಂಟಿನ ನೆರವಿನಿಂದ ಓದಿದೆ. ಅಮೋಘವರ್ಷ ನೃಪತುಂಗನ ಕಾಲದ, ಅಂದರೆ 9ನೆಯ ಶತಮಾನದ, ಮಹಾವೀರಾಚಾರ್ಯನ ಕೃತಿ ಅದು. ಅಲ್ಲಿಯೂ ಇದೇ ಸಂಖ್ಯೆ! 27994681ನ್ನು 441ರಿಂದ ಗುಣಿಸಿದರೆ ಬರುವ ಉತ್ತರವದು. ಇಂಥ ಕೆಲವು ಗುಣಲಬ್ಧಗಳನ್ನು ಆತ ಕೊರಳಹಾರಕ್ಕೆ ಹೋಲಿಸಿದ್ದಾನೆ. ಆಚಾರ್ಯನು ಆಭರಣವೆಂದು ಕಂಡದ್ದಕ್ಕೆ ನಾನು ಸೊನ್ನೆ ಕೊಟ್ಟಿದ್ದೆ.

ಬಳಿಕ ಮುಖ್ಯೋಪಾಧ್ಯಾಯನಾದಾಗ ಕಿರಿಯ ಶಿಕ್ಷಕರಿಗೆ ಒಂದೇ ಮಾತು ಹೇಳುತ್ತಿದ್ದೆ: “ಶಿಕ್ಷೆಗೆ ಮೊದಲು ‘ಹೇಗೆ ಮಾಡಿದೆ?’ ಎಂದು ಕೇಳಿ.” ಆ ಹುಡುಗನಿಗೆ ಈಗ ಅರುವತ್ತರ ಸಮೀಪ. ಈ ಸಂಚಿಕೆ ಅವನ ಕೈಸೇರಿದರೆ ಹೇಳಬೇಕಾದದ್ದಿಷ್ಟೆ: ತಮ್ಮಾ, ನಿನ್ನ ಉತ್ತರ ಸರಿಯಾಗಿತ್ತು, ದಾರಿಯೂ ಸರಿಯಾಗಿತ್ತು. ತಪ್ಪು ನನ್ನದು. ನಿನಗೆ ಪೂರ್ಣ ಅಂಕ.