ಹಾಡು ಬಂತು, ಹೆಸರು ಎಲ್ಲೋಯ್ತು?

ಇವತ್ತು ಅಡಿಕೆ ರೇಟಿನ ಮಾತಿಲ್ಲ, ನಾಲೆ ನೀರಿನ ಮಾತೂ ಇಲ್ಲ. ಗದ್ದೆಗೆ ಬರೋ ಹಾಡಿನ ಬಗ್ಗೆ ಒಂದಿಷ್ಟು ಬರೀತೀನಿ. ಸ್ವಲ್ಪ ಉದ್ದ ಐತೆ, ಬಿಡುವಾದಾಗ ಓದ್ರಿ.

ನಮ್ಮ ಕೆರೆಬಿಳಚಿ ಹೊಲಕ್ಕೆ ನಾಟಿಗೆ, ಅಡಿಕೆ ಸುಲಿಯೋಕೆ ಬರೋರಲ್ಲಿ ತಾಂಡಾದ ಹೆಣ್ಣುಮಕ್ಕಳೂ ಇದ್ದಾರೆ. ಮೊದಲು ಹೊಸ ಹಾಡು ಅಂದ್ರೆ ತವರಿಂದ ಬಂದ ಸೊಸೆ ಜೊತೆ ಬರ್ತಿತ್ತು, ಇಲ್ಲಾ ಜಾತ್ರೆಯಿಂದ ಬರ್ತಿತ್ತು. ಈಗ ಬದುವಿನ ಮೇಲೆ ಬುತ್ತಿ ಪಕ್ಕ ಫೋನ್ ಹಾಡ್ತಿರುತ್ತೆ. ಬೆಳಗ್ಗೆ ಒಬ್ಬಳ ಸ್ಟೇಟಸ್ಸಲ್ಲಿದ್ದ ಹಾಡು ಸಂಜೆಗೆ ಗುಂಪಿನ ಎಲ್ಲರ ಸ್ಟೇಟಸ್ಸಲ್ಲೂ ಇರುತ್ತೆ. ಸ್ಟೇಟಸ್ 24 ಗಂಟೆಗೆ ಅಳಿಸಿ ಹೋಗುತ್ತೆ, ದಾಟಿ ಮಾತ್ರ ಬಾಯಲ್ಲಿ ಉಳೀತದೆ.

ಇದರಲ್ಲಿ ಒಂದು ದೊಡ್ಡ ಲಾಭ ಐತೆ. ಲಂಬಾಣಿ ಮಾತಿಗೆ ಎಲ್ಲರೂ ಬಳಸೋ ಒಂದೇ ಲಿಪಿ ಇಲ್ಲ. ನಮ್ಮಲ್ಲಿ ಕನ್ನಡ ಅಕ್ಷರದಲ್ಲಿ, ತೆಲಂಗಾಣದಲ್ಲಿ ತೆಲುಗಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ ಬರ್ಕೊಂತಾರೆ. ಪುಸ್ತಕ ಮಾಡಿದ್ರೆ ಗಡಿ ದಾಟಿದ ಮೇಲೆ ಓದೋರು ಕಮ್ಮಿ. ಧ್ವನಿಗೆ ಆ ಗಡಿ ಇಲ್ಲ. ಮೊದಲು ಅಷ್ಟು ರಾಜ್ಯದ ಹಾಡು ಒಂದೇ ಕಡೆ ಕೇಳಬೇಕಂದ್ರೆ ಫೆಬ್ರವರಿಯಲ್ಲಿ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ, ಸೇವಾಲಾಲ್ ಜಯಂತಿಗೆ ಹೋಗಬೇಕಿತ್ತು. ಈಗ ತೆಲಂಗಾಣದ ತಾಂಡಾದ ಹಾಡು ನಮ್ಮ ಗದ್ದೆಗೆ ಮಧ್ಯಾಹ್ನದ ಊಟದೊಳಗೆ ಬಂದುಬಿಡ್ತದೆ.

ಇನ್ನು ನಷ್ಟದ ಲೆಕ್ಕ. ನಮ್ಮ ನಾಟಿ ಗುಂಪಿನ ಒಬ್ಬ ಅಕ್ಕ ಅವರವ್ವ ಕಲಿಸಿದ ಹಾಡು ಹೇಳ್ತಿದ್ರು. ಮಗ ವಿಡಿಯೋ ಮಾಡಿ ಹಾಕಿದ. ಒಂದು ತಿಂಗಳಿಗೆ ಅದೇ ಧ್ವನಿ ಡಿಜೆ ಬಡಿತದ ಜೊತೆ ವಾಪಸ್ ಬಂತು, ಯಾರದೋ ಪೇಜಿನ ಹೆಸರಲ್ಲಿ. ಅಕ್ಕ ಕೇಳಿ ನಕ್ಕರು. ಆಮೇಲೆ ಅಂದ್ರು, "ನನ್ನ ಹೆಸರು ಹೋಗ್ಲಿ ಬಿಡಣ್ಣ, ಹಾಡು ನಮ್ಮವ್ವಂದು. ಆಕೆ ಹೆಸರು ಎಲ್ಲೂ ಇಲ್ವಲ್ಲ." ಆ ಮಾತು ನನಗೆ ಬಹಳ ದಿನ ಕಾಡ್ತು.

ಹಿಂಗ್ಯಾಕಾಗುತ್ತೆ ಅಂದ್ರೆ, ಇನ್‌ಸ್ಟಾಗ್ರಾಮಲ್ಲಿ ಒರಿಜಿನಲ್ ಆಡಿಯೋ ಅಂತ ಬರೋ ಹೆಸರು ಹಾಡಿದವರದಲ್ಲ, ಅಪ್‌ಲೋಡ್ ಮಾಡಿದ ಖಾತೆಯದು. ಡೌನ್‌ಲೋಡ್ ಮಾಡಿ ಮತ್ತೆ ಹಾಕಿದ್ರೆ ಹಾಡು ಹೊಸ ಖಾತೆ ಹೆಸರಿಗೆ. ಸಿನಿಮಾ ಹಾಡಿಗೆ ಈ ತೊಂದರೆ ಕಮ್ಮಿ. 1999ರ 'ಉಪೇಂದ್ರ' ಚಿತ್ರದ ಹಾಡು 2024ರಲ್ಲಿ ರೀಲ್ಸಲ್ಲಿ ಮತ್ತೆ ಊರೆಲ್ಲ ತಿರುಗಾಡ್ತು. ಸಂಗೀತ ಗುರುಕಿರಣ್ ಅವರದು ಅಂತ ಹುಡುಕಿದ ಕೂಡಲೇ ಸಿಗುತ್ತೆ. ಅದಕ್ಕೆ ದಾಖಲೆ ಐತೆ. ನಾಟಿ ಹಾಡಿಗೆ ಏನೈತೆ? ಪಹಣಿ ಇಲ್ಲದ ಜಮೀನಿದ್ದಂಗೆ, ಬೇಲಿ ಹಾಕಿದೋನದೇ ಹೊಲ.

ನಮ್ಮ ಹಿರೇರು ಇದಕ್ಕೆ ಉಪಾಯ ಮಾಡಿದ್ರು: ಅಂಕಿತ. ಬಸವಣ್ಣನ ವಚನದಲ್ಲಿ ಕೂಡಲಸಂಗಮದೇವ, ಅಕ್ಕನ ವಚನದಲ್ಲಿ ಚೆನ್ನಮಲ್ಲಿಕಾರ್ಜುನ, ದಾಸರ ಪದದಲ್ಲಿ ಪುರಂದರವಿಠಲ. ಗುರುತು ಹಾಡಿನ ಹೊಟ್ಟೆಯೊಳಗೇ ಇತ್ತು. ಹಾಡಿದವರೆಲ್ಲ ಯಾರ ಪದ ಅಂತ ಹೇಳದೇ ಮುಗಿಸೋ ಹಂಗಿರ್ಲಿಲ್ಲ.

ನಾವೂ ಅಷ್ಟು ಮಾಡಬಹುದು. ಈ ಸಲ ನಾಟಿ ಹಾಡು ರೆಕಾರ್ಡ್ ಮಾಡೋ ಹುಡುಗರು ಮೊದಲು ಹಾಡೋರನ್ನ ಕೇಳ್ರಿ, ಹಾಕಬಹುದಾ ಅಂತ. ಒಪ್ಪಿದ್ರೆ, ಹಾಡು ಶುರು ಆಗೋ ಮುಂಚೆ ಅವರ ಬಾಯಲ್ಲೇ ಹೆಸರು, ಊರು, ಯಾರಿಂದ ಕಲಿತದ್ದು ಅಂತ ಹೇಳಿಸ್ರಿ. ಕೆಳಗೆ ಬರೆದದ್ದನ್ನ ಫಾರ್ವರ್ಡ್ ಮಾಡೋರು ಬಿಟ್ಟುಬಿಡ್ತಾರೆ. ಬಾಯಲ್ಲಿ ಹೇಳಿದ್ದನ್ನ ತೆಗೀಬೇಕಂದ್ರೆ ಕತ್ತರಿಸೇ ತೆಗೀಬೇಕು. ಮೇಲೆ ಟ್ರೆಂಡಿಂಗ್ ಮ್ಯೂಸಿಕ್ ಹಾಕಬೇಡ್ರಿ, ಕೆಸರಿನ ಸದ್ದೂ ಕೇಳಲಿ.

ಅಕ್ಕ ಮೊನ್ನೆ ಇನ್ನೊಂದು ಹಾಡು ರೆಕಾರ್ಡ್ ಮಾಡಿಸಿದ್ರು. ಮೊದಲು ಅವರವ್ವನ ಹೆಸರು ಹೇಳಿದ್ರು, ಆಮೇಲೆ ತಾಂಡಾದ ಹೆಸರು. ತಮ್ಮ ಹೆಸರು ಹೇಳೋಕೆ ನಾಚ್ಕೊಂಡ್ರು, ಪಕ್ಕದಲ್ಲಿದ್ದೋರು ಕೂಗಿ ಹೇಳಿದ್ರು. ಹಾಕೋದಾ ಬೇಡವಾ ಅಂತ ಮನೇಲಿ ಕೇಳಿ ಹೇಳ್ತಾರಂತೆ. ಅಲ್ಲೀವರೆಗೂ ಅದು ನನ್ನ ಫೋನಲ್ಲೇ ಇರುತ್ತೆ.